ಹತ್ತು ಅಂಕದ ಪ್ರಶ್ನೆ

ವಿಶ್ವವಿದ್ಯಾಲಯದ ಸುತ್ತೋಲೆ ಬಂದ ದಿನ ಸ್ಟಾಫ್ ರೂಮಿನಲ್ಲಿ ನಗುವೋ ನಗು. ಈ ವರ್ಷದಿಂದ ಎಲ್ಲ ವಿಭಾಗಗಳೂ ಸುಸ್ಥಿರತೆಯ ಪಾಠವನ್ನು ಕಡ್ಡಾಯವಾಗಿ ಮಾಡಬೇಕು, ಕೊನೆಗೆ ಕಾಲೇಜಿನ ಎಲ್ಲ ಮಕ್ಕಳೂ ಒಂದೇ ಪರೀಕ್ಷೆ ಬರೆಯಬೇಕು, ಆ ಪ್ರಶ್ನೆಪತ್ರಿಕೆಗೆ ಪ್ರತಿ ವಿಭಾಗವೂ ಹತ್ತು ಅಂಕದ ಒಂದು ಪ್ರಶ್ನೆ ಕೊಡಬೇಕು ಎಂದು ಅದರಲ್ಲಿತ್ತು. ಸಸ್ಯಶಾಸ್ತ್ರದವರಿಗೆ ಚಿಂತೆಯಿಲ್ಲ. ಸಮಾಜಶಾಸ್ತ್ರದವರು ಹೇಗೋ ದಾಟಿಸುತ್ತಾರೆ. ಕನ್ನಡದ ಮೇಷ್ಟ್ರು, "ನಮ್ದೇನ್ರಿ, ಕೆರಿ ಕಟ್ಟಿಸಿದ ಶಾಸನ ರಗಡ ಅದಾವ, ಓದಿಸಿದ್ರಾತು" ಎಂದು ಕೈ ತೊಳೆದುಕೊಂಡರು. ಉಳಿದದ್ದು ಗಣಿತ. ಎಲ್ಲರೂ ಶಿವಕುಮಾರಿಯ ಕಡೆ ತಿರುಗಿದರು.

"ಏನ್ರಿ ಮೇಡಂ, ಸೊನ್ನೀಗೆ ನೀರ ಹಾಕಿ ಬೆಳಸ್ತೀರೇನು?" ಎಂದರು ಪ್ರಿನ್ಸಿಪಾಲ್ ಕರಿಬಸಯ್ಯ.

"ಸೊನ್ನಿ ಬೆಳಸಾಕ ನೀರ ಬ್ಯಾಡ್ರಿ ಸರ್. ಇದ್ದ ನೀರು ಸೊನ್ನಿ ಹೆಂಗ ಆಕೈತಿ ಅನ್ನೋದನ್ನ ಕಲಸ್ತೀನಿ" ಎಂದಳು ಶಿವಕುಮಾರಿ. ಮಾತಿಗೆ ಮಾತು ಕೊಟ್ಟದ್ದಷ್ಟೇ. ಆಗ ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಅವಳು ಆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಉಳಿದವರನ್ನು ಯಾವ ಮನೆಯಲ್ಲೂ ಅತಿಥಿ ಎನ್ನುವುದಿಲ್ಲ. ಕಾಲೇಜುಗಳಲ್ಲಿ ಮಾತ್ರ ಎನ್ನುತ್ತಾರೆ. ಬೆಳಿಗ್ಗೆ ಏಳಕ್ಕೆ ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ, ಸಂತೆಕಲ್ಲೂರು ದಾಟಿ, ಮಸ್ಕಿಯಲ್ಲಿ ಸೀಟು ಸಿಕ್ಕರೆ ಕುಳಿತು, ಸಿಂಧನೂರಿಗೆ ಎರಡು ಮೈಲಿ ಇರುವಾಗ ಇಳಿದುಬಿಡುವುದು. ಪ್ರತಿ ಜೂನಿನಲ್ಲಿ ಹೊಸ ಆದೇಶ ಕೈಗೆ ಬರುವವರೆಗೆ ಉಸಿರು ಬಿಗಿಹಿಡಿಯುವುದು. ಈ ಸಲ ಮಾತ್ರ ದೇವರು ಕಣ್ಣು ಬಿಟ್ಟಿದ್ದ. ಗಣಿತಕ್ಕೆ ಒಂದು ಹುದ್ದೆ ಕಾಯಂ ಮಾಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿ, ಅವಳ ಹೆಸರಿನ ಆದೇಶ ಟೈಪಾಗಿ ಅಧ್ಯಕ್ಷರ ಮೇಜಿನ ಮೇಲೆ ಹೋಗಿ ಕುಳಿತಿತ್ತು. ಒಂದು ಸಹಿ ಬಿದ್ದರೆ ಮುಗಿಯಿತು. ತಾಯಿ ಬಸವಣ್ಣೆಮ್ಮ ಓಣಿಗೆಲ್ಲ ಹಂಚಲು ಐದು ಕಿಲೋ ಸಕ್ಕರೆ ತಂದಿಟ್ಟುಕೊಂಡು, ದಿನಾ ಸಂಜೆ ಮಗಳು ಹೊಸ್ತಿಲು ದಾಟುವ ಮೊದಲೇ, "ಬಂತೇನಬೇ ಆರ್ಡರು?" ಎನ್ನುತ್ತಿದ್ದಳು.

ಅಧ್ಯಕ್ಷ ವಿರೂಪಾಕ್ಷಪ್ಪನವರು ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಭತ್ತ ಬೆಳೆದು, ಅಕ್ಕಿ ಗಿರಣಿ ಹಾಕಿ, ಕಾಲೇಜು ಕಟ್ಟಿಸಿದವರು. ಕಟ್ಟಿಸಿದ್ದೂ ಎಲ್ಲಿ! ಕಾಲುವೆ ನೀರು ಅತಿಯಾಗಿ ಕುಡಿದು ಸವಳು ಹಿಡಿದು, ಮೇಲೆಲ್ಲ ಬಿಳಿ ಉಪ್ಪು ಎದ್ದಿದ್ದ ನೆಲದಲ್ಲಿ. ಜಾಲಿ ಬಿಟ್ಟರೆ ಏನೂ ಹುಟ್ಟದ ಆ ಜಾಗಕ್ಕೆ ಟ್ರ್ಯಾಕ್ಟರುಗಟ್ಟಲೆ ಕೆಂಪು ಮಣ್ಣು ಹೊಡೆಸಿ, ಬೇವು, ಹೊಂಗೆ, ಹುಲ್ಲುಹಾಸು, ನಡುವೆ ತಾವರೆ ಕೊಳ ಮಾಡಿಸಿದ್ದರು. ಗೇಟಿನ ಮೇಲೆ 'ಹಸಿರು ಆವರಣ' ಎಂಬ ಬೋರ್ಡು. ಮದುವೆಗೆ ಮುಂಚಿನ ಫೋಟೋ ತೆಗೆಸಲು ಮಾನ್ವಿಯಿಂದಲೂ ಜೋಡಿಗಳು ಬರುತ್ತಿದ್ದವು. ಅಧ್ಯಕ್ಷರು ವಾರಕ್ಕೊಮ್ಮೆ ಬಂದು ಒಣಗಿದ ಎಲೆಗಳನ್ನು ತಾವೇ ಬಗ್ಗಿ ಹೆಕ್ಕುವುದನ್ನು ಶಿವಕುಮಾರಿ ನೋಡಿದ್ದಳು, ಮೆಚ್ಚಿದ್ದಳು. ಹನ್ನೊಂದು ವರ್ಷ ಅವಳು ಮಧ್ಯಾಹ್ನದ ಬುತ್ತಿ ಬಿಚ್ಚಿದ್ದು ಆ ಕೊಳದ ದಂಡೆಯ ಮೇಲೆಯೇ.

ಪಾಠಕ್ಕೆಂದು ಬಂದ ಪುಸ್ತಕದ ಮೊದಲ ಪುಟದಲ್ಲಿ ಹಿಮಕರಡಿ ಇತ್ತು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ಒಳಗೆ ತಿರುಗದ ಫ್ಯಾನು, ಕರಡಿಯ ಕಾಲ ಕೆಳಗಿನ ಮಂಜು ಕರಗುತ್ತಿದೆಯೆಂದು ಮಕ್ಕಳು ಮರುಗಬೇಕು. ಶಿವಕುಮಾರಿ ಪುಸ್ತಕ ಮುಚ್ಚಿದಳು.

"ಇವತ್ತ ಮುಂಜಾನಿ ನೀವು ಕುಡದ ನೀರು ಎಲ್ಲಿಂದ ಬಂತು? ಒಬ್ಬೊಬ್ರ ಹೇಳ್ರಿ."

ಜವಳಗೇರಾದವರು ನಳ ಎಂದರು. ಪೇಟೆಯವರು ಕ್ಯಾನು ಎಂದರು. ರೂಪಾ ಎಂಬ ಹುಡುಗಿ ಎದ್ದು ನಿಂತು, "ನಮ್ಮವ್ವನ ತಲಿ ಮ್ಯಾಲಿಂದ ಬಂತ್ರಿ" ಎಂದಳು. ಕ್ಲಾಸು ನಕ್ಕಿತು. ರೂಪಾ ನಗಲಿಲ್ಲ.

ಅವಳದು ಹುಣಸೆದಿನ್ನಿ. ಕಾಲೇಜಿನ ಮುಂದೆಯೇ ಹರಿಯುವ ಉಪಕಾಲುವೆಯ ಕಟ್ಟಕಡೆಯ ಹಳ್ಳಿ. ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡುವ ಮುಂಚೆ ಹದಿನೈದು ದಿನ ಬರೀ ಕುಡಿಯುವುದಕ್ಕೆಂದು ನೀರು ಬಿಡುತ್ತಾರೆ. ಹಳ್ಳಿಗಳ ಕೆರೆಗಳು ಆಗಲೇ ತುಂಬಿಕೊಳ್ಳಬೇಕು. ಮುಂದೆ ಮಳೆಗಾಲದವರೆಗೆ ಅದೇ ಗತಿ. ಎಷ್ಟೋ ವರ್ಷದಿಂದ ಹುಣಸೆದಿನ್ನಿಯ ಕೆರೆ ಅರ್ಧಕ್ಕೇ ನಿಲ್ಲುತ್ತಿತ್ತು. ಮೇಲಿನ ರೈತರು ಪಂಪು ಹಚ್ಚುತ್ತಾರೆ ಎಂದು ಕೆಳಗಿನವರು, ಕೆಳಗಿನವರಿಗೆ ಹೂಳು ತೆಗೆಯಲು ಸೋಮಾರಿತನ ಎಂದು ಮೇಲಿನವರು, ಹೀಗೆ ಬೈಗುಳ ಮಾತ್ರ ಎರಡೂ ದಿಕ್ಕಿಗೆ ಧಾರಾಳವಾಗಿ ಹರಿಯುತ್ತಿತ್ತು.

"ಹಂಗಾದ್ರ ಬೈಯೂದು ಬಿಟ್ಟು ಅಳಿಯೋಣು" ಎಂದಳು ಶಿವಕುಮಾರಿ.

ಅಳೆಯುವುದು ಹೇಗೆಂದು ಯಂತ್ರಕ್ಕಾಗಿ ತಲೆ ಕೆರೆದುಕೊಳ್ಳುತ್ತಿದ್ದಾಗ ದಾರಿ ತೋರಿಸಿದವನು ಹುಸೇನ್‌ಸಾಬ್. ಮೂವತ್ತು ವರ್ಷ ಕಾಲುವೆಯ ಗ್ಯಾಂಗ್‌ಮನ್ ಆಗಿ ತೂಬು ಎತ್ತಿ ಇಳಿಸಿ, ಈಗ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಆಗಿ ಕುಳಿತಿದ್ದ. ಅವನ ಕಾಲದಲ್ಲಿ ನೀರು ಬಿಟ್ಟ ದಿನ ಗ್ಯಾಂಗ್‌ಮನ್‌ಗಳು ಜೋಳದ ದಂಟಿನ ಬೆಂಡನ್ನು ಬೆರಳುದ್ದ ಕತ್ತರಿಸಿ ನೀರಿಗೆ ಬಿಟ್ಟು, ಅದರ ಜೊತೆಗೇ ದಂಡೆಯ ಮೇಲೆ ಕೊನೆಯ ಹಳ್ಳಿಯವರೆಗೆ ನಡೆಯುತ್ತಿದ್ದರಂತೆ. ಬೆಂಡು ಎಲ್ಲಿ ನಿಧಾನವಾಯಿತೋ ಅಲ್ಲಿ ಹೂಳು, ಎಲ್ಲಿ ಪಕ್ಕಕ್ಕೆ ಎಳೆಯಿತೋ ಅಲ್ಲಿ ಕಳ್ಳಗಂಡಿ. "ಸಾಹೇಬ್ರ ಜೀಪಿನ್ಯಾಗ ಕುಂತು ನೋಡಿದ್ರ ನೀರು ಬರೇ ನೀರು ಕಾಣ್ತೈತ್ರಿ. ಜೋಡಿ ನಡದ್ರ ಅದರ ಹಕೀಕತ್ತು ತಿಳೀತೈತಿ" ಎಂದ.

ನೀರು ಬಿಟ್ಟ ಮೂರನೇ ದಿನ ಎಲ್ಲ ವಿಭಾಗದ ಮಕ್ಕಳೂ ಕಾಲೇಜಿಗಿಂತ ಮೇಲಿನ ತೂಬಿನ ಹತ್ತಿರ ಬೆಂಡು ಬಿಟ್ಟು ಹೊರಟರು. ಗಣಿತದವರ ಕೈಯಲ್ಲಿ ಗಡಿಯಾರ, ಸಸ್ಯಶಾಸ್ತ್ರದವರ ಕೈಯಲ್ಲಿ ಕಳೆಯ ಪಟ್ಟಿ, ಸಮಾಜಶಾಸ್ತ್ರದವರು ದಂಡೆಯ ಮನೆಗಳಿಗೆ ಹೊಕ್ಕು ಮಾತಾಡುವವರು, ವಾಣಿಜ್ಯದವರು ಬುತ್ತಿ ಹೊರುವವರು. ಇಪ್ಪತ್ತು ಬೆಂಡುಗಳ ಮೇಲೆ ಹುಡುಗಿಯರು ಕೆಂಪು ನೇಲ್ ಪಾಲಿಶಿನಿಂದ ಒಂದರಿಂದ ಇಪ್ಪತ್ತರವರೆಗೆ ಬರೆದಿದ್ದರು. ಒಂಬತ್ತು ಕಿಲೋಮೀಟರು ನಡೆದು ಹುಣಸೆದಿನ್ನಿ ಮುಟ್ಟಿದಾಗ ಮುಖಗಳೆಲ್ಲ ಸುಟ್ಟ ಬದನೆಕಾಯಿ. ಬೆಂಡು ಹದಿನೆಂಟು ಬಂದವು. ಏಳು ಮತ್ತು ಹದಿಮೂರು ಬರಲಿಲ್ಲ. ಎಲ್ಲೋ ಮುಳ್ಳಿಗೆ ಸಿಕ್ಕಿರಬೇಕೆಂದು ಬರೆದುಕೊಂಡರು.

ಎರಡು ದಿನದ ಮೇಲೆ ಸಸ್ಯಶಾಸ್ತ್ರದ ಆರ್ಜೂ ಎಂಬ ಹುಡುಗಿ ನೀರುಗಿಡ ಎಣಿಸಲೆಂದು ತಾವರೆ ಕೊಳಕ್ಕೆ ಇಳಿದಿದ್ದಳು. ಒದ್ದೆ ಚೂಡಿದಾರಿನಲ್ಲಿಯೇ ಓಡಿ ಬಂದು ಶಿವಕುಮಾರಿಯ ಮೇಜಿನ ಮೇಲೆ ಎರಡು ಬೆಂಡು ಇಟ್ಟಳು. ಕೆಂಪು ಏಳು, ಕೆಂಪು ಹದಿಮೂರು.

ಕೊಳಕ್ಕೆ ಬೋರಿನ ನೀರು ಎಂದು ಎಲ್ಲರೂ ನಂಬಿದ್ದರು. ಮೋಟರಿನ ಕೋಣೆಯೂ ಇತ್ತು, ಬೀಗವೂ ಇತ್ತು. ಸವಳು ನೆಲದಲ್ಲಿ ಬೋರು ಕೊರೆದರೆ ಬರುವುದು ಉಪ್ಪು ನೀರು, ಉಪ್ಪು ನೀರಿನಲ್ಲಿ ತಾವರೆ ಹೀಗೆ ತೂಗುವುದಿಲ್ಲ. ಇಷ್ಟು ಸಣ್ಣ ಲೆಕ್ಕ ತನಗೆ ಹನ್ನೊಂದು ವರ್ಷ ಯಾಕೆ ಹೊಳೆಯಲಿಲ್ಲ ಎಂದು ಶಿವಕುಮಾರಿಗೆ ನಾಚಿಕೆಯಾಯಿತು. ರೂಪಾ ದಿನಾ ಕ್ಲಾಸಿನಲ್ಲಿ ಎದುರಿಗೆ ಕೂರುತ್ತಿದ್ದಳು, ಅವಳ ತಾಯಿಯ ತಲೆಯ ಮೇಲಿನ ನೀರಿನ ದಂಡೆಯಲ್ಲಿ ಕುಳಿತು ತಾನು ರೊಟ್ಟಿ ತಿಂದಿದ್ದಳು. ಆಮೇಲೆ ಸಿಟ್ಟು ಬಂತು. ಗೇಟಿಗೆ ಹೋದಳು.

"ಹುಸೇನ್‌ಸಾಬ್, ನಿಮಗ ಗೊತ್ತಿತ್ತು?"

ಮುದುಕ ಕುರ್ಚಿಯಿಂದ ಎದ್ದು ನಿಂತ. "ಕಾಲುವಿಯಿಂದ ಕೊಳಕ್ಕ ಪೈಪ ಹೂಳೋವಾಗ ಗುದ್ದಲಿ ಹಿಡದವರಾಗ ನಾನೂ ಒಬ್ಬಾವ್ರಿ. ನನ್ನ ಮಗಳಿಗೆ ಇಲ್ಲೇ ಸೀಟ ಕೊಟ್ಟಿದ್ರು, ನನಗ ಈ ಕುರ್ಚಿ ಕೊಟ್ಟ್ರು" ಎಂದ. "ನನ್ನ ಬಾಯಿಲೆ ಹೇಳಾಕ ಆಗಲಿಲ್ರಿ. ಅದಕ್ಕ ಬೆಂಡು ಬಿಡ್ರಿ ಅಂದೆ."

ಮಕ್ಕಳು ಎಂಟು ಪುಟದ ವರದಿ ಬರೆದರು. ಆರನೆಯ ಪುಟದಲ್ಲಿ ಏಳು ಮತ್ತು ಹದಿಮೂರರ ಕಥೆ, ಪೈಪಿನ ನಕ್ಷೆ ಸಮೇತ. ಕರಿಬಸಯ್ಯನವರು ಅದನ್ನು ಓದಿ ಬಾಗಿಲು ಹಾಕಿಸಿದರು.

"ಶಿವಕುಮಾರಿ, ನಿಮಗೇನ್ ತಲಿಗಿಲಿ ಕೆಟ್ಟೈತೇನ್ರಿ? ನಿಮ್ಮ ಆರ್ಡರು ಅವ್ರ ಟೇಬಲ್ ಮ್ಯಾಲ ಐತಿ. ಈ ಪುಟ ತಗೀರಿ. ಎರಡ ಬೆಂಡು ಹಕ್ಕಿ ಒಯ್ದವು ಅಂತ ಬರೀರಿ."

"ಹಕ್ಕಿ ಬೆಂಡು ತಿಂತಾವೇನ್ರಿ ಸರ್?"

"ತಿಂತಾವು! ಸಂಸ್ಥಾದ ಅನ್ನ ತಿನ್ನೋ ಹಕ್ಕಿ ಏನು ಹೇಳಿದ್ರೂ ತಿಂತಾವು!"

ಇಲ್ಲಿ ಅವಳನ್ನು ಹೊಗಳುವಂತಿಲ್ಲ. ಶಿವಕುಮಾರಿ ಪುಟ ತೆಗೆದಳು. ಐದು ಕಿಲೋ ಸಕ್ಕರೆ ಕಣ್ಣ ಮುಂದೆ ಬಂತು, ಹನ್ನೊಂದು ಜೂನುಗಳು ಬಂದವು, ಕೈ ತಾನಾಗಿಯೇ ಪಿನ್ನು ಬಿಚ್ಚಿತು. ಏಳು ಪುಟದ ವರದಿಯನ್ನು ಸಹಿ ಮಾಡಿಸಲು ಕ್ಲಾಸಿಗೆ ಒಯ್ದಾಗ ಮಕ್ಕಳು ಒಬ್ಬೊಬ್ಬರಾಗಿ ಸಹಿ ಮಾಡಿದರು. ರೂಪಾ ಮಾತ್ರ ಪುಟಗಳನ್ನು ಬೆರಳಿನಿಂದ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಮೇಡಂ, ಎಂಟು ಇದ್ವಲ್ರಿ. ಏಳ ಅದಾವ."

"ಹೂಂ" ಎಂದಳು ಶಿವಕುಮಾರಿ.

ರೂಪಾ ಇನ್ನೇನೂ ಕೇಳದೆ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದಳು. ಜಗಳ ತೆಗೆದಿದ್ದರೆ ಶಿವಕುಮಾರಿ ಸಮಾಧಾನ ಹೇಳಿ ಪಾರಾಗುತ್ತಿದ್ದಳೇನೋ. ಆ ಹುಡುಗಿ ಹಾಗೆ ಸುಮ್ಮನಾದದ್ದು, ಗುರುಗಳೆಂದರೆ ಕೊನೆಗೆ ಇಷ್ಟೇ ಎಂದು ಒಪ್ಪಿಕೊಂಡಂತೆ ಸುಮ್ಮನಾದದ್ದು, ಅವಳಿಗೆ ಸಹಿಸಲಾಗಲಿಲ್ಲ. ಬಸ್ಸು ಮಸ್ಕಿ ಮುಟ್ಟುವವರೆಗೆ ತನ್ನನ್ನು ತಾನೇ ಬೈದುಕೊಂಡಳು. ಮಸ್ಕಿಯಲ್ಲಿ ಸೀಟು ಸಿಕ್ಕಿತು. ಕುಳಿತವಳೇ ಚೀಲದಿಂದ ಹಾಳೆ ತೆಗೆದು, ಇನ್ನೂ ಕೊಡದೆ ಉಳಿದಿದ್ದ ಗಣಿತ ವಿಭಾಗದ ಪ್ರಶ್ನೆಯನ್ನು ಬರೆದಳು.

'ಒಂದು ಕಾಲೇಜಿನ ಕೊಳ 60 ಮೀಟರ್ ಉದ್ದ, 40 ಮೀಟರ್ ಅಗಲ, ಒಂದೂವರೆ ಮೀಟರ್ ಆಳವಿದೆ. ಕುಡಿಯಲೆಂದು ಕಾಲುವೆಗೆ ಬಿಟ್ಟ ನೀರಿನಿಂದ ಅದನ್ನು ತುಂಬಿಸಲಾಗಿದೆ. ಅದೇ ಕಾಲುವೆಯ ಕೊನೆಯ ಹಳ್ಳಿಯಲ್ಲಿ 1,200 ಜನರಿದ್ದು, ದಿನಕ್ಕೆ ತಲಾ 50 ಲೀಟರ್ ನೀರು ಬೇಕು. (ಅ) ಕೊಳದ ನೀರು ಆ ಹಳ್ಳಿಗೆ ಎಷ್ಟು ದಿನ ಸಾಕಾಗುತ್ತದೆ? 7 ಅಂಕ. (ಆ) ಈ ಬಳಕೆ ಸುಸ್ಥಿರವೇ? ಎರಡು ವಾಕ್ಯ ಬರೆಯಿರಿ. 3 ಅಂಕ.'

ಎಲ್ಲೂ ಊರಿನ ಹೆಸರಿಲ್ಲ, ಕಾಲೇಜಿನ ಹೆಸರಿಲ್ಲ. ಕರಿಬಸಯ್ಯನವರು ಇತಿಹಾಸದವರು, ಅಂಕಿ ಕಂಡರೆ ಚಿಕ್ಕಂದಿನಿಂದಲೂ ತಲೆಶೂಲೆ. ಉಳಿದ ವಿಭಾಗಗಳ ಪ್ರಶ್ನೆಗಳಲ್ಲಿ ಅಲ್ಪವಿರಾಮವನ್ನೂ ಬಿಡದೆ ತಿದ್ದಿ, ಗಣಿತದ ಪ್ರಶ್ನೆ ಬಂದಾಗ ಮೀಟರು, ಲೀಟರು ನೋಡಿ, "ಇದು ಬರೋಬ್ಬರಿ ಇರ್ತೈತಿ ಬಿಡ್ರಿ" ಎಂದು ಅವರೇ ಸಹಿ ಹಾಕಿ ಅಚ್ಚಿಗೆ ಕಳಿಸಿದರು.

ಪರೀಕ್ಷೆಯ ದಿನ ಮುನ್ನೂರಾ ಹನ್ನೆರಡು ಮಕ್ಕಳು. ಕನ್ನಡದವರು, ವಾಣಿಜ್ಯದವರು, ಸಮಾಜಶಾಸ್ತ್ರದವರು, ಎಲ್ಲರ ಕೈಯಲ್ಲೂ ಒಂದೇ ಪ್ರಶ್ನೆಪತ್ರಿಕೆ. ಮೊದಲ ಹತ್ತು ನಿಮಿಷ ಎಂದಿನಂತೆ ಕೆಮ್ಮು, ಬೆಂಚಿನ ಸದ್ದು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ "ಯವ್ವಾ" ಎಂದರು. ಒಂದೊಂದೇ ತಲೆ ಮೇಲೆದ್ದು ಕಿಟಕಿಯ ಕಡೆ ತಿರುಗಿತು. ಕಿಟಕಿಯಾಚೆ ಕೊಳ, ತುಂಬಿ, ಬಿಸಿಲಿಗೆ ಹೊಳೆಯುತ್ತಿತ್ತು. ಮೇಲ್ವಿಚಾರಕಿಯಾಗಿ ನಿಂತಿದ್ದ ಶಿವಕುಮಾರಿ, "ತಲಿ ಕೆಳಗ ಹಾಕಿ ಬರೀರಿ" ಎಂದಳು. ರೂಪಾ ಅವಳನ್ನು ಒಂದು ಸಲ ನೋಡಿದಳು. ಮತ್ತೆ ತಲೆ ಎತ್ತಲಿಲ್ಲ, ಬರೆದೇ ಬರೆದಳು.

ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳ ಕಟ್ಟಿಗೆ ಅರಗು ಬಿದ್ದ ಅರ್ಧ ತಾಸಿಗೆ ನೂರಕ್ಕೂ ಹೆಚ್ಚು ಮಕ್ಕಳು ಕಾಲುವೆಯ ದಂಡೆಯಲ್ಲಿದ್ದರು. ಯಾರೂ ಕರೆದಿರಲಿಲ್ಲ. ಮುಂದೆ ಹುಸೇನ್‌ಸಾಬ್ ಇದ್ದ, ವಾಚ್‌ಮನ್ ಟೊಪ್ಪಿಗೆ ತೆಗೆದು ಗೇಟಿನ ಕುರ್ಚಿಯ ಮೇಲಿಟ್ಟು ಬಂದಿದ್ದ. ತಾನೇ ಹೂಳಿದ್ದ ಪೈಪಿನ ಬಾಯಿ ಎಲ್ಲಿದೆಯೆಂದು ಅವನಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ಮೊಣಕಾಲ ನೀರಿನಲ್ಲಿ ನಿಂತು ಗೋಣಿಚೀಲ ತುರುಕಿದ, ಮಕ್ಕಳು ಮೇಲಿನಿಂದ ಎರೆಮಣ್ಣು ಕೊಟ್ಟರು, ಕಲ್ಲು ಕೊಟ್ಟರು. ಕಾಲುವೆ ಬಂದ್ ಆಗಲು ಇನ್ನೂ ನಾಲ್ಕು ದಿನ ಇತ್ತು. ಆ ನಾಲ್ಕು ದಿನದ ನೀರು ಹುಣಸೆದಿನ್ನಿಗೆ ಹೋಗಲಿ ಎಂಬುದಷ್ಟೇ ಅವರ ಹಟ.

ಮರುದಿನ ಬೆಳಿಗ್ಗೆ ಅಧ್ಯಕ್ಷರ ಕೋಣೆಗೆ ಕರೆ ಬಂತು. ಮೇಜಿನ ಮೇಲೆ ಎರಡು ಹಾಳೆ ಇದ್ದವು. ಒಂದು ಅವಳ ಕಾಯಂ ಆದೇಶ, ಸಹಿ ಬಿದ್ದು ಸೀಲೂ ಆಗಿತ್ತು. ಇನ್ನೊಂದು ಅವಳ ಹೆಸರಿನಲ್ಲಿ ಟೈಪಾಗಿದ್ದ ಪತ್ರ: ಗಣಿತದ ಪ್ರಶ್ನೆ ಕೇವಲ ಕಾಲ್ಪನಿಕ, ಲೆಕ್ಕದಲ್ಲಿ ತಪ್ಪಿದೆ, ಅದನ್ನು ರದ್ದುಪಡಿಸಬೇಕು, ಕ್ಷಮೆ ಇರಲಿ. ಮೂಲೆಯಲ್ಲಿ ಕರಿಬಸಯ್ಯ ಕೈಕಟ್ಟಿ ನಿಂತಿದ್ದರು. ಅಂಕಿಗೆ ಹೆದರಿದ್ದಕ್ಕೆ ಅವರಿಗೆ ಆಗಲೇ ಮಂಗಳಾರತಿ ಆಗಿತ್ತೆಂದು ಮುಖ ಹೇಳುತ್ತಿತ್ತು.

"ಕುಂದ್ರಬೇ" ಎಂದರು ವಿರೂಪಾಕ್ಷಪ್ಪ. ಕೂಗಾಡಲಿಲ್ಲ. "ಇಲ್ಲಿ ಉಪ್ಪು ಬಿಟ್ರ ಏನೂ ಇರಲಿಲ್ಲ. ಒಂದೊಂದ ಗಿಡ ಕೂಸಿನಂಗ ಸಾಕೀನಿ. ಮುನ್ನೂರ ಮಕ್ಕಳು ನೆಳ್ಳಾಗ ಕುಂದರ್ತಾವು. ನೀನೂ ಹನ್ನೊಂದ ವರ್ಷ ಕುಂತಿ. ನಾ ಏನ್ ನನ್ನ ಗದ್ದಿಗೆ ಒಯ್ದೀನೇನು ಆ ನೀರು?"

"ಇಲ್ರಿ" ಎಂದಳು ಶಿವಕುಮಾರಿ. ಆ ಮಾತು ಖರೆಯೇ ಇತ್ತು. "ಆದ್ರ ಕುಡಿಯೋ ನೀರು ಅದು."

"ಗಿಡಾನೂ ಕುಡೀತಾವು. ಹೋಗ್ಲಿ, ವಾದ ಬ್ಯಾಡ. ಯುನಿವರ್ಸಿಟಿಗೆ ಆ ಪೇಪರು ಹೋಗಬಾರದು. ಈ ಪತ್ರಕ್ಕ ಸಹಿ ಮಾಡು, ನಿನ್ನ ಆರ್ಡರು ತಗೊಂಡ ಹೋಗು. ಇಲ್ಲಂದ್ರ ಜೂನಿಗೆ ಬರೂದು ಬ್ಯಾಡ."

ಅವಳ ಕಣ್ಣು ಆದೇಶದ ಮೇಲೆಯೇ ಇತ್ತು. ತನ್ನ ಹೆಸರು, ತಂದೆಯ ಹೆಸರು, 'ಕಾಯಂ' ಎಂಬ ಪದ, ಎಲ್ಲವೂ ಸ್ಪಷ್ಟ ಅಕ್ಷರಗಳಲ್ಲಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಮೊನ್ನೆ ಪಿನ್ನು ಬಿಚ್ಚಿದ ಕೈ ಇವತ್ತು ಮಡಿಲಿನಿಂದ ಏಳಲಿಲ್ಲ.

"ಲೆಕ್ಕ ತಪ್ಪೈತಿ ಅಂತ ಬರದೀರಲ್ರಿ. ನಾ ಗಣಿತದಾಕಿ. ತಪ್ಪಿಲ್ಲದ್ದಕ್ಕ ತಪ್ಪು ಅಂತ ಹೆಂಗ ಸಹಿ ಮಾಡ್ಲಿ? ನೀವ ಒಮ್ಮೆ ಮಾಡಿ ನೋಡ್ರಿ. ತಪ್ಪು ಬಂದ್ರ ಇಲ್ಲೇ ಸಹಿ ಮಾಡ್ತೀನಿ."

ಕರಿಬಸಯ್ಯನವರು ಕೆಮ್ಮಿದರು. ವಿರೂಪಾಕ್ಷಪ್ಪನವರ ಹುಬ್ಬು ಏರಿತು. ಗದ್ದೆಯ ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲೇ ಚೀಲ ಎಷ್ಟು ಬಿದ್ದಾವೆಂದು ಹೇಳುವ ಮನುಷ್ಯ, ಅವರ ಲೆಕ್ಕ ತಪ್ಪಿದ್ದನ್ನು ಸಿಂಧನೂರಿನ ಯಾವ ದಲಾಲಿಯೂ ಕಂಡಿರಲಿಲ್ಲ. ಆ ಮನುಷ್ಯನಿಗೆ ಒಬ್ಬ ಹೆಣ್ಣುಮಗಳು ಲೆಕ್ಕ ಮಾಡಿ ತೋರಿಸಿ ಎಂದಿದ್ದಳು. ಅವರು ಎದುರಿಗಿದ್ದ ಕ್ಷಮಾಪಣೆಯ ಪತ್ರವನ್ನೇ ಮಗುಚಿ, ಹಿಂಬದಿಯಲ್ಲಿ ಪೆನ್ನು ಊರಿದರು.

"ಅರವತ್ತ ನಲವತ್ಲೆ ಎರಡ ಸಾವಿರದ ನಾನೂರು. ಒಂದೂವರಿ ಆಳ ಅಂದ್ರ ಮೂರ ಸಾವಿರದ ಆರನೂರು. ಅದನ್ನ ಲೀಟರಿಗೆ ತಂದ್ರ ಮೂವತ್ತಾರು ಲಕ್ಷ." ಪೆನ್ನು ಸರಾಗವಾಗಿ ಓಡುತ್ತಿತ್ತು. "ಸಾವಿರದ ಇನ್ನೂರ ಮಂದಿ, ಐವತ್ತ್ಲೆ ಅರವತ್ತ ಸಾವಿರ. ಭಾಗಿಸಿದ್ರ..."

ಪೆನ್ನು ನಿಂತಿತು. ಅವರು ಮತ್ತೆ ಮೇಲಿನಿಂದ ಲೆಕ್ಕ ಹಿಡಿದರು. ಕೊಳ ಅಗೆಸಿದವರು ಅವರೇ, ಉದ್ದ ಅಗಲ ಅವಳಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಎರಡನೇ ಸಲವೂ ಪೆನ್ನು ಅಲ್ಲಿಯೇ ನಿಂತಿತು.

"ಎಷ್ಟ ಬಂತ್ರಿ?" ಎಂದಳು ಶಿವಕುಮಾರಿ.

"ಅರವತ್ತು."

"ಏನ್ರಿ?"

"ಅರವತ್ತ ದಿನ" ಎಂದರು ವಿರೂಪಾಕ್ಷಪ್ಪ. ಧ್ವನಿ ಇಳಿದಿತ್ತು. "ಎರಡ ತಿಂಗಳು."

ಏಪ್ರಿಲ್ ಮತ್ತು ಮೇ, ಹುಣಸೆದಿನ್ನಿಯ ಹೆಂಗಸರು ಕೊಡ ಹೊತ್ತು ನಡೆಯುವ ತಿಂಗಳುಗಳು ಅವೇ ಎರಡು ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಎರಡನೇ ಭಾಗ ಐತ್ರಿ" ಎಂದಳು ಶಿವಕುಮಾರಿ. "ಈ ಬಳಕೆ ಸುಸ್ಥಿರವೇ. ಎರಡ ವಾಕ್ಯ."

"ಅದನ್ನ ನಾ ಬರಿಯಂಗಿಲ್ಲ" ಎಂದು ಅವರು ಪೆನ್ನು ಎಸೆದರು. ಅದು ಉರುಳಿ ಆದೇಶದ ಮೇಲೆ ಹೋಗಿ ನಿಂತಿತು.

ಶಿವಕುಮಾರಿ ಎದ್ದಳು. ಚೀಲದಿಂದ ತನ್ನ ಕೆಂಪು ಪೆನ್ನು ತೆಗೆದು, ಅವರ ಮುಂದಿದ್ದ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಒಂದೊಂದು ಹಂತವನ್ನೂ ನೋಡಿ ಗುರುತು ಹಾಕುತ್ತ ಕೆಳಗೆ ಬಂದಳು, ಮುನ್ನೂರಾ ಹನ್ನೆರಡು ಮಕ್ಕಳ ಉತ್ತರವನ್ನು ಹೇಗೆ ನೋಡುವಳೋ ಹಾಗೆಯೇ. ಕೊನೆಗೆ ಅಂಚಿನಲ್ಲಿ ಅಂಕ ಬರೆದು ಸುತ್ತು ಹಾಕಿದಳು.

"ಹತ್ತಕ್ಕ ಏಳ ಕೊಟ್ಟೀನ್ರಿ. ಲೆಕ್ಕ ಬರೋಬ್ಬರಿ ಐತಿ. ಉಳದ ಮೂರು ಅಂಕದ್ದು ನೀವು ಬರದಿಲ್ಲ."

ಆದೇಶ ಅಲ್ಲಿಯೇ ಬಿದ್ದಿತ್ತು. ಅವಳು ಅದನ್ನು ಮುಟ್ಟದೆ ಬಾಗಿಲು ದಾಟಿ ಬಂದಳು. ಜೂನಿಗೆ ಇನ್ನೂ ಎರಡು ತಿಂಗಳಿತ್ತು, ಅವತ್ತಿನ ಮಟ್ಟಿಗೆ ಅವಳಿಗೆ ಇನ್ನೂ ಎರಡು ಪೀರಿಯಡ್ ಪಾಠ ಬಾಕಿ ಇದ್ದವು.